ನಮ್ಮ ಹಿರಿಯರ ಕಸುಬುಗಳು

(ಶತಮಾನೋತ್ಸವದ ಪೂರ್ವಸಿದ್ಧತೆಗಾಗಿ ಪೂರಿಗಾಲಿಯಲ್ಲಿ ಸೇರಿದ್ದ ಕುಟುಂಬಗಳ ಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರುಷಗಳು ತುಂಬುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಯೊಂದನ್ನು ಹೊರತರಬೇಕೆಂದು ನಾವೆಲ್ಲರೂ ನಿಶ್ಚಯಿಸಿದ್ದೇವೆ. ಪ್ರತಿಯೊಂದು ಮನೆತನದ ಮೂರು ತಲೆಮಾರುಗಳ ವಿವರ ಅದರಲ್ಲಿ ಅಚ್ಚಾಗಲೆಂದು ಮನೆಮನೆಗೂ ಒಂದೊಂದು ಹಾಳೆಯನ್ನು ಕಳುಹಿಸಿದ್ದೆವು. ಹೆಸರು, ಹುಟ್ಟಿದ ಊರು, ವಿವಾಹ, ಮರಣ, ಕಸುಬು ಎಂದು ಅದರಲ್ಲಿ ಐದು ಅಂಕಣಗಳು. ಬಹುಪಾಲು ಹಾಳೆಗಳು ತುಂಬಿ ಮರಳಿ ಬಂದಿವೆ. ಅದಕ್ಕಾಗಿ ನಿಮಗೆ ಹೃತ್ಪೂರ್ವಕ ವಂದನೆಗಳು. ಆದರೆ ಅವುಗಳನ್ನು ಒಂದೊಂದಾಗಿ ಓದಿದ ಮೇಲೆ ನಮಗೆ ಒಂದು ಕೊರತೆ ಕಂಡುಬಂದಿತು. ಅದನ್ನು ನಿಮ್ಮ ಮುಂದಿಡುವುದೇ ಈ ಹೊತ್ತಿನ ಮಾತಿನ ಉದ್ದೇಶ.

ಅಜ್ಜಂದಿರ ಹೆಸರಿನ ಮುಂದೆ ಬೇಸಾಯ, ಬಡಗಿ, ಗಾರೆ ಕೆಲಸ, ಉಪದೇಶಿ, ಗಣಿ ಕೆಲಸ ಎಂದೆಲ್ಲ ಬರೆದಿದ್ದೀರಿ. ಅಜ್ಜಿಯರ ಹೆಸರಿನ ಮುಂದೆ ಮಾತ್ರ ಒಂದು ಅಡ್ಡಗೆರೆ. ಎಲ್ಲೋ ಕೆಲವೆಡೆ "ಮನೆಯಲ್ಲಿದ್ದರು" ಎಂಬ ಮಾತು. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆಯೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಹಾಳೆಯನ್ನು ಹೇಗೆ ತುಂಬಬೇಕೆಂದು ತೋರಿಸಲು ನಮ್ಮ ಮನೆತನದ ವಿವರಗಳನ್ನೇ ಮಾದರಿಯಾಗಿ ಬರೆದು ಕಳುಹಿಸಿದ್ದೆವು. ಅದರಲ್ಲಿ ನಮ್ಮ ತಾಯಿಯವರ ಹೆಸರಿನ ಮುಂದೆ ನಾವೂ ಅಡ್ಡಗೆರೆಯನ್ನೇ ಎಳೆದಿದ್ದೆವು. ಗುರುಗಳು ಎಳೆದ ಗೆರೆಯನ್ನು ಕಂಡು ನೀವೂ ಎಳೆದಿದ್ದೀರಿ.

ಇದು ನಿಮ್ಮ ನಮ್ಮಿಂದ ಆರಂಭವಾದ ರೂಢಿಯಲ್ಲ. ನಾವು ಸೇವೆ ಸಲ್ಲಿಸಿದ ಧರ್ಮಕೇಂದ್ರಗಳ ಹಳೆಯ ದೀಕ್ಷಾಸ್ನಾನದ ಪುಸ್ತಕಗಳಲ್ಲಿ ತಂದೆಯ ಹೆಸರಿನ ಪಕ್ಕದಲ್ಲಿ ಆತನ ವೃತ್ತಿಗೊಂದು ಅಂಕಣವಿತ್ತು. ತಾಯಿಯ ಹೆಸರಿನ ಪಕ್ಕದಲ್ಲಿ ಇರಲಿಲ್ಲ. ಸರ್ಕಾರದ ಲೆಕ್ಕವೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ೧೯೦೧ರ ಜನಗಣತಿಯು ಪ್ರಜೆಗಳನ್ನು ದುಡಿಯುವವರು ಮತ್ತು ಅವಲಂಬಿತರು ಎಂದು ವಿಂಗಡಿಸಿತು. ಬೆಳಿಗ್ಗೆ ಮನೆಗೆಲಸ ಮುಗಿಸಿ, ಮಧ್ಯಾಹ್ನ ಕೂಲಿಗೆ ಹೋಗಿ, ಸಂಜೆ ಸೌದೆಯ ಹೊರೆಯನ್ನು ಹೊತ್ತು ತರುವ ಹೆಂಗಸು ಈ ಎರಡರಲ್ಲಿ ಯಾವ ಪಂಗಡಕ್ಕೆ ಸೇರಬೇಕು? ಗಣತಿಯವನು ಬಾಗಿಲಿಗೆ ಬಂದಾಗ ಉತ್ತರ ಹೇಳುತ್ತಿದ್ದವನು ಸಾಮಾನ್ಯವಾಗಿ ಮನೆಯ ಯಜಮಾನ.

ಈ ಮಾತು ಸ್ಪಷ್ಟವಾಗಲು ನಮ್ಮ ತಾಲ್ಲೂಕಿನಿಂದಲೇ ಹೊರಟ ಒಂದು ತಂತಿಯ ಕಥೆಯನ್ನು ಹೇಳುತ್ತೇವೆ. ಆಗ ಮಂಡ್ಯ ಜಿಲ್ಲೆಯೇ ಇರಲಿಲ್ಲ. ಅದು ರೂಪುಗೊಂಡದ್ದು ೧೯೩೯ರಲ್ಲಿ. ಮಳವಳ್ಳಿಯು ಮೈಸೂರು ಜಿಲ್ಲೆಗೆ ಸೇರಿತ್ತು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತನ್ನು ಉತ್ಪಾದಿಸುವ ಯೋಜನೆ ಸಿದ್ಧವಾಯಿತು. ಕ್ಯಾಪ್ಟನ್ ಜೋಲಿ ಡಿ ಲಾಟ್ಬಿನಿಯರ್ ಎಂಬ ಸೇನಾ ಎಂಜಿನಿಯರರು ಅದರ ಹೊಣೆ ಹೊತ್ತರು. ಜಲಚಕ್ರಗಳು ಸ್ವಿಟ್ಜರ್ಲೆಂಡಿನಿಂದಲೂ ವಿದ್ಯುದ್ಯಂತ್ರಗಳು ಅಮೆರಿಕದಿಂದಲೂ ಬಂದವು. ೧೯೦೨ರ ಜೂನ್ ತಿಂಗಳಲ್ಲಿ ಆ ವಿದ್ಯುತ್ತು ತೊಂಬತ್ತೆರಡು ಮೈಲಿ ದೂರ ಹರಿದು ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಗಳ ಮೇಲೆ, ೧೯೦೫ರಲ್ಲಿ. ಯೋಜನೆಯ ಕನಸು ಕಂಡ ದಿವಾನರು ಅದನ್ನು ಕಣ್ಣಾರೆ ಕಾಣಲಿಲ್ಲ, ೧೯೦೧ರಲ್ಲೇ ತೀರಿಕೊಂಡಿದ್ದರು.

ಈ ದೊಡ್ಡವರ ಹೆಸರುಗಳನ್ನು ಚರಿತ್ರೆ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಆದರೆ ನೀರಿನ ಕಾಲುವೆಯನ್ನು ದಿವಾನರು ಅಗೆಯಲಿಲ್ಲ. ಆ ಕಾಲದ ಕಾಮಗಾರಿಗಳ ಕ್ರಮವನ್ನು ಹಿರಿಯರು ಬಲ್ಲರು. ಗಂಡಾಳು ಹಾರೆ ಗುದ್ದಲಿಗಳಿಂದ ಅಗೆಯುವನು. ಹೆಣ್ಣಾಳು ಮಂಕರಿಯಲ್ಲಿ ಮಣ್ಣು ತುಂಬಿ ತಲೆಯ ಮೇಲೆ ಹೊತ್ತು ದಂಡೆಗೆ ಸುರಿಯುವಳು. ಅಗೆದ ಮಣ್ಣನ್ನು ಹೊತ್ತು ಹಾಕದಿದ್ದರೆ ಕಾಲುವೆ ಒಂದು ಗೇಣೂ ಮುಂದೆ ಸಾಗದು. ಆದರೂ ಗಂಡಾಳಿನ ಕೂಲಿಯೇ ಬೇರೆ, ಹೆಣ್ಣಾಳಿನ ಕೂಲಿಯೇ ಬೇರೆ. ಒಂದೇ ಕೆಲಸಕ್ಕೆ ಸಮಾನ ವೇತನವೆಂಬ ಕಾನೂನು ನಮ್ಮ ದೇಶದಲ್ಲಿ ಬಂದದ್ದು ೧೯೭೬ರಲ್ಲಿ.

ಇನ್ನು ಆ ತಂತಿಯ ಇನ್ನೊಂದು ತುದಿಗೆ ಹೋಗೋಣ. ಕೋಲಾರದ ಚಿನ್ನದ ಗಣಿಯ ಊರು ಮೈಸೂರು ಮಹಾರಾಜರ ಸೀಮೆಯಲ್ಲೇ ಇದ್ದರೂ ಅಲ್ಲಿ ಗಣಿಗಳನ್ನು ನಡೆಸುತ್ತಿದ್ದವರು ಆಂಗ್ಲರು. ೧೮೮೦ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ಅಲ್ಲಿಗೆ ಬಂದರು. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ೧೮೯೪ರಲ್ಲಿ ರೈಲು ದಾರಿಯಾಯಿತು. ಇಪ್ಪತ್ತು ವರ್ಷಗಳ ಹಿಂದೆ ಬರಡು ಬಯಲಾಗಿದ್ದ ಸ್ಥಳದಲ್ಲಿ ೧೯೦೧ರ ಗಣತಿಯ ವೇಳೆಗೆ ೩೮,೨೦೪ ಜನರಿದ್ದರು. ಆಗ ರಾಜಧಾನಿಯಾದ ಮೈಸೂರಿನಲ್ಲೇ ಇದ್ದವರು ೬೮,೧೧೧ ಮಂದಿ. ಗಣಿಯ ಊರು ಎಷ್ಟು ಬೇಗ ಬೆಳೆಯಿತೆಂಬುದನ್ನು ಇದರಿಂದ ಊಹಿಸಬಹುದು.

ಆ ಊರಿನಲ್ಲಿ ಕಸುಬಿಗೊಂದು ಅಂತಸ್ತು. ಮೇಲಧಿಕಾರಿಗಳು ಆಂಗ್ಲರು, ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಿಂದಲೂ ಇಟಲಿಯಿಂದಲೂ ಬಂದ ನುರಿತ ಗಣಿಗಾರರಿದ್ದರು, ಮೇಸ್ತ್ರಿಗಿರಿ, ಯಂತ್ರ ನಡೆಸುವುದು ಮುಂತಾದ ಕೆಲಸಗಳಲ್ಲಿ ಆಂಗ್ಲೋ ಇಂಡಿಯನ್ನರಿದ್ದರು. ಸುರಂಗದ ಕಠಿಣ ದುಡಿಮೆಯೆಲ್ಲ ತಮಿಳು ಮತ್ತು ತೆಲುಗು ನಾಡುಗಳ ಬರಪೀಡಿತ ಹಳ್ಳಿಗಳಿಂದ ಬಂದ ಬಡಜನರದು. ಅವರಲ್ಲಿ ಬಹುಮಂದಿ ತಮ್ಮ ಊರುಗಳಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದವರು. ಬಂಡೆ ಕೊರೆಯುವವರು, ಸಿಡಿಮದ್ದು ಇಡುವವರು, ಅದಿರಿನ ಬಂಡಿ ತಳ್ಳುವವರು, ಮರದ ಊರೆಗಳನ್ನು ನಿಲ್ಲಿಸುವವರು, ಕುಲುಮೆಯಲ್ಲಿ ಉಳಿ ಹದಗೊಳಿಸುವವರು ಎಂದು ಗಂಡಸರ ಕಸುಬುಗಳಿಗೆ ಒಂದೊಂದು ಹೆಸರು, ಒಂದೊಂದು ದರ. ಚಾಂಪಿಯನ್ ರೀಫ್ ಗಣಿಯು ಮುಂದೆ ಹತ್ತು ಸಾವಿರ ಅಡಿಗೂ ಹೆಚ್ಚು ಆಳಕ್ಕೆ ಇಳಿಯಿತು. ಕಲ್ಲಿನ ಧೂಳು ಅವರ ಶ್ವಾಸಕೋಶಗಳನ್ನು ತಿಂದಿತು. ೧೯೪೦ರ ದಶಕದಲ್ಲಿ ವೈದ್ಯರು ಸಾವಿರಾರು ಕಾರ್ಮಿಕರನ್ನು ಪರೀಕ್ಷಿಸಿದಾಗ ಸಿಲಿಕೋಸಿಸ್ ಎಂಬ ಆ ರೋಗವು ಎಷ್ಟು ವ್ಯಾಪಕವಾಗಿದೆಯೆಂಬುದು ಬೆಳಕಿಗೆ ಬಂದಿತು.

ಹೆಂಗಸರ ಕಸುಬು ಯಾವುದು? ೧೯೮೦ರ ದಶಕದಲ್ಲಿ ಬೆಂಗಳೂರಿನ ಗುರುಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ, ರಜೆಯ ಸೇವೆಗಾಗಿ ಕೆಲವು ವಾರ ನಾವು ಆ ಗಣಿಯ ಊರಿನಲ್ಲಿದ್ದೆವು. ಅಲ್ಲಿಯ ವೃದ್ಧರು ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇವೆ. ಕೂಲಿ ಲೈನುಗಳ ತಟ್ಟಿ ಮನೆಗಳಿಂದ ನಸುಕಿನಲ್ಲೇ ಹೊರಟು ದೊರೆಗಳ ಬಂಗಲೆಗಳಲ್ಲಿ ಆಯಾಗಳಾಗಿ ಮಕ್ಕಳನ್ನು ಸಾಕಿದವರಿದ್ದರು. ಗಣಿಯ ಮೇಲ್ನೆಲದಲ್ಲಿ ಕಲ್ಲು, ಜಲ್ಲಿ, ಇಟ್ಟಿಗೆ ಹೊತ್ತವರಿದ್ದರು. ಸೂಲಗಿತ್ತಿಯರಿದ್ದರು; ಹಾಲು, ಸೌದೆ, ಬೆರಣಿ ಮಾರಿದವರಿದ್ದರು; ಸಂಸಾರವನ್ನು ಊರಿನಲ್ಲಿ ಬಿಟ್ಟು ಬಂದ ಒಂಟಿ ಗಂಡಸರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕಿದವರಿದ್ದರು. ಇವರಲ್ಲಿ ಹೆಚ್ಚಿನವರಿಗೆ ಕಂಪನಿಯ ಚೀಟಿಯಿಲ್ಲ, ಹಾಜರಿ ಪುಸ್ತಕವಿಲ್ಲ. ಕಲಿತ ಹೆಣ್ಣುಮಕ್ಕಳಿಗೆ ಮಾತ್ರ ಹೆಸರುಳ್ಳ ಎರಡು ಕಸುಬುಗಳು ತೆರೆದಿದ್ದವು: ಉಪಾಧ್ಯಾಯಿನಿ ಮತ್ತು ದಾದಿ. ಗುಡ್ ಶೆಪರ್ಡ್ ಸಭೆಯ ಕನ್ಯಾಸ್ತ್ರೀಯರು ೧೮೮೬ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸೇಂಟ್ ಮಾರ್ಥಾಸ್ ಆಸ್ಪತ್ರೆಯಂಥ ಸಂಸ್ಥೆಗಳು ಅದಕ್ಕೆ ದಾರಿ ಮಾಡಿಕೊಟ್ಟವು.

ಅಲ್ಲಿ ಕಂಡ ಒಬ್ಬ ವೃದ್ಧೆಯನ್ನು ನಾವು ಇಂದಿಗೂ ಮರೆತಿಲ್ಲ. ಆಕೆಯ ಪತಿ ಎದೆಯ ರೋಗದಿಂದ ತೀರಿಹೋಗಿದ್ದರು. ಮಕ್ಕಳು ದೂರವಾಗಿದ್ದರು. ಯಾವುದೋ ಒಂದು ಸಹಾಯಧನಕ್ಕಾಗಿ ಅರ್ಜಿ ಕೊಡಹೋದಾಗ, "ನೀನು ಏನು ಕೆಲಸ ಮಾಡಿದ್ದೆ, ಪುರಾವೆ ಏನಿದೆ?" ಎಂದು ಕೇಳಿದರಂತೆ. ಆಕೆ ನೇರವಾಗಿ ದೇವಾಲಯಕ್ಕೆ ಬಂದರು. "ಬ್ರದರ್, ನಿಮ್ಮ ದೊಡ್ಡ ಪುಸ್ತಕದಲ್ಲಾದರೂ ಬರೆದಿರುತ್ತಾರೆ, ನೋಡಿ ಹೇಳಿ" ಎಂದು ತಮಿಳು ಬೆರೆತ ಕನ್ನಡದಲ್ಲಿ ಕೇಳಿದರು. ಗುರುಗಳ ಅನುಮತಿ ಪಡೆದು ಪುಸ್ತಕ ತೆರೆದೆವು. ಆರು ಮಕ್ಕಳ ದೀಕ್ಷಾಸ್ನಾನ. ಆರು ಕಡೆಯೂ ಪತಿಯ ಕಸುಬು ದಾಖಲಾಗಿತ್ತು. ಆಕೆಯ ಹೆಸರಿತ್ತು, ಅಷ್ಟೇ. ಅದನ್ನು ತಿಳಿಸಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆರು ಸಲವೂ ಇಡ್ಲಿ ಬುಟ್ಟಿಯನ್ನು ಈ ಬಾಗಿಲ ಹೊರಗೆ ಇಳಿಸಿಯೇ ಒಳಗೆ ಬಂದಿದ್ದೆ, ಬ್ರದರ್. ಯಾರಾದರೂ ನೋಡಿರಬಹುದು ಎಂದುಕೊಂಡಿದ್ದೆ" ಎಂದರು.

ಪಾಳಿ ಬದಲಾಗುವ ಹೊತ್ತಿಗೆ ಗಣಿಯ ಬಾಗಿಲಿನಲ್ಲಿ ನಿಂತು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಇಡ್ಲಿ ಮಾರಿದ ತಾಯಿ ಆಕೆ. ೧೯೩೦ರಲ್ಲಿ, ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಿಕೊಳ್ಳಬೇಕೆಂಬ ಕ್ರಮವನ್ನು ವಿರೋಧಿಸಿ ಗಣಿಯ ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿದರು. ಆಗ ಗಂಡನ ಕೂಲಿ ನಿಂತುಹೋಯಿತು, ತನ್ನ ಬುಟ್ಟಿ ನಿಲ್ಲಲಿಲ್ಲ ಎಂದು ಆಕೆ ಹೇಳಿದರು. ಗಣಿಯ ಚರಿತ್ರೆಯಲ್ಲಿ ಮುಷ್ಕರಕ್ಕೆ ಸ್ಥಾನವಿದೆ. ಆ ದಿನಗಳಲ್ಲಿ ಒಲೆ ಆರದಂತೆ ನೋಡಿಕೊಂಡವರು ಯಾರೆಂಬುದಕ್ಕೆ ಸ್ಥಾನವಿಲ್ಲ. ೨೦೦೧ರಲ್ಲಿ ಆ ಗಣಿಗಳೂ ಮುಚ್ಚಿಹೋದವು. ಇಂದು ಅಲ್ಲಿ ಉಳಿದಿರುವುದು ಸೈನೈಡ್ ಮಣ್ಣಿನ ದಿಬ್ಬಗಳು ಮತ್ತು ಮನೆಗಳಲ್ಲಿ ಉಳಿದ ನೆನಪುಗಳು. ನೆನಪಿಟ್ಟುಕೊಂಡವರೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಆ ವೃದ್ಧೆಯ ಮಾತನ್ನು ಕೇಳಿಯೂ ನಾವು ತಿದ್ದಿಕೊಳ್ಳಲಿಲ್ಲವೆಂಬುದು ನಮ್ಮ ವ್ಯಥೆ. ಯಾಜಕರಾದ ಮೇಲೆ ಎಷ್ಟೋ ಪುಸ್ತಕಗಳಲ್ಲಿ ಎಷ್ಟೋ ಹೆಸರುಗಳನ್ನು ಹಳೆಯ ರೂಢಿಯಂತೆಯೇ ಬರೆದೆವು. ಕೊನೆಗೆ ನಮ್ಮ ತಾಯಿಯವರ ಸರದಿ ಬಂದಾಗಲೂ ಲೇಖನಿ ತಾನಾಗಿಯೇ ಅಡ್ಡಗೆರೆ ಎಳೆಯಿತು. ಸತ್ಯ ಏನೆಂದರೆ ನಮ್ಮ ತಾಯಿಯವರು ರೇಷ್ಮೆಹುಳು ಸಾಕುತ್ತಿದ್ದರು. ಈ ಸೀಮೆಯವರಾದ ನಿಮಗೆ ಆ ಕೆಲಸವನ್ನು ವಿವರಿಸಬೇಕಾಗಿಲ್ಲ. ಹುಳುಗಳು ದೊಡ್ಡ ಜ್ವರಕ್ಕೆ ಎದ್ದ ಮೇಲೆ ರಾತ್ರಿಯಲ್ಲೂ ಎದ್ದು ಸೊಪ್ಪು ಹಾಕಬೇಕು; ಹಣ್ಣಾದ ಹುಳುಗಳನ್ನು ಆಯ್ದು ಚಂದ್ರಿಕೆಗೆ ಬಿಡಬೇಕು. ಗೂಡು ಮಾರಲು ಮಾರುಕಟ್ಟೆಗೆ ಹೋಗುತ್ತಿದ್ದವರು ನಮ್ಮ ತಂದೆಯವರು. ಆದ್ದರಿಂದ ಲೆಕ್ಕದಲ್ಲಿ ರೇಷ್ಮೆ ಅವರ ಕಸುಬಾಯಿತು. ನಾವು ಗುರುಮಠಕ್ಕೆ ಹೊರಟಾಗ ಕೊಂಡ ಪೆಟ್ಟಿಗೆಯೂ ಬಟ್ಟೆಯೂ ಆ ವರ್ಷದ ಒಂದು ಬೆಳೆಯ ಗೂಡಿನ ಹಣದಿಂದ ಬಂದವು. ಇದನ್ನು ಬಲ್ಲ ಮಗನೇ ಅಡ್ಡಗೆರೆ ಎಳೆದನು.

"ಮನೆಗೆಲಸ ಎಲ್ಲ ಹೆಂಗಸರೂ ಮಾಡುವುದೇ, ಅದನ್ನೂ ಕಸುಬೆಂದು ಬರೆಯಬೇಕೇ?" ಎಂದು ನಮ್ಮ ಹಿರಿಯರೊಬ್ಬರು ಕೇಳಿದರು. ಪ್ರಶ್ನೆ ಸಹಜವಾದುದೇ. ಮನೆಗೆಲಸದ ಗೌರವ ಬೇರೆಯೇ ಒಂದು ವಿಷಯ. ಅದನ್ನು ನಾವು ಕಡೆಗಣಿಸುತ್ತಿಲ್ಲ. ಈಗ ನಾವು ಕೇಳುತ್ತಿರುವುದು ಮನೆಗೆ ಕಾಸನ್ನೋ ಕಾಳನ್ನೋ ತಂದ ದುಡಿಮೆಯನ್ನು ಕುರಿತು. ನಿಮ್ಮ ಅಜ್ಜಿ ನಾಟಿಗೆ, ಕಳೆಗೆ ಕೂಲಿ ಹೋದರೇ? ಎಮ್ಮೆ ಕಟ್ಟಿ ಹಾಲು ಅಳೆದರೇ? ಹೆರಿಗೆ ಮಾಡಿಸಲು ಸುತ್ತಲ ಊರುಗಳಿಗೆ ನಡೆದರೇ? ಅದೆಲ್ಲವೂ ಕಸುಬೇ. ಹಾಗೆಯೇ ಗಂಡಸರ ಅಂಕಣದಲ್ಲಿಯೂ ಸತ್ಯವಿರಲಿ. ಜೀತಕ್ಕಿದ್ದವರನ್ನು ಬೇಸಾಯಗಾರರೆಂದೂ ಬಟ್ಲರ್ ಆಗಿದ್ದವರನ್ನು ಉದ್ಯೋಗಸ್ಥರೆಂದೂ ಬರೆದಿರುವುದನ್ನು ಕಂಡಿದ್ದೇವೆ. ನಾಚಿಕೆ ಏಕೆ? ಬಡಗಿಯ ಮನೆಯಲ್ಲಿ ಬೆಳೆದ ಪ್ರಭುವನ್ನು ಆರಾಧಿಸುವವರು ನಾವು. ಕೆಲಸಗಾರರ ಹಕ್ಕುಗಳನ್ನು ಕುರಿತು ಜಗದ್ಗುರು ಹದಿಮೂರನೆಯ ಲಿಯೋ ಅವರು ೧೮೯೧ರಲ್ಲಿಯೇ ವಿಶ್ವಪರಿಪತ್ರವನ್ನು ಹೊರಡಿಸಿದರು. ಕೆಲಸಗಾರರಾದ ಸಂತ ಜೋಸೆಫರ ಹಬ್ಬವನ್ನು ಧರ್ಮಸಭೆಯು ೧೯೫೫ರಲ್ಲಿ ಘೋಷಿಸಿ, ಮೇ ೧ರಂದು ಆಚರಿಸುತ್ತಿದೆ.

ಪ್ರಿಯರೇ, ಸಂಚಿಕೆ ಅಚ್ಚಿಗೆ ಹೋಗಲು ಇನ್ನೂ ಮೂರು ವಾರಗಳಿವೆ. ಈ ಕೂಟ ಮುಗಿದ ಮೇಲೆ ನಿಮ್ಮ ನಿಮ್ಮ ಹಾಳೆಗಳನ್ನು ಮರಳಿ ಕೊಡುತ್ತೇವೆ. ಮನೆಗೆ ಹೋಗಿ, ಮನೆಯಲ್ಲಿರುವ ಅತಿ ಹಿರಿಯ ಹೆಂಗಸಿನ ಬಳಿ ಕುಳಿತುಕೊಳ್ಳಿರಿ. ಅವರ ತಾಯಿ ಏನು ಮಾಡುತ್ತಿದ್ದರು, ಅತ್ತೆ ಏನು ಮಾಡುತ್ತಿದ್ದರು, ಅದರಿಂದ ಬಂದದ್ದು ಯಾವುದಕ್ಕೆ ಖರ್ಚಾಯಿತು ಎಂದು ಕೇಳಿರಿ. ಅವರು "ಏನೂ ಇಲ್ಲ" ಎಂದರೆ ಅವಸರಪಡದೆ ಇನ್ನೊಮ್ಮೆ ಕೇಳಿರಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. ನಿಮ್ಮ ಹಾಳೆಯಲ್ಲಿ ಬರೆಯದೆ ಬಿಟ್ಟದ್ದನ್ನು ಮುಂದಿನ ನೂರು ವರುಷದವರು ಬೇರೆಲ್ಲೂ ಹುಡುಕಲಾರರು.

ನಮ್ಮ ಮಾದರಿ ಹಾಳೆಯನ್ನು ನಾವು ಈ ಬೆಳಿಗ್ಗೆಯೇ ತಿದ್ದಿದ್ದೇವೆ. ತಾಯಿಯವರ ಹೆಸರಿನ ಮುಂದೆ ಈಗ "ರೇಷ್ಮೆಹುಳು ಸಾಕಣೆ" ಎಂದಿದೆ. ಅಡ್ಡಗೆರೆಯ ಗುರುತು ಅಳಿಸಿದರೂ ಕಾಣುತ್ತಿದೆ. ಇರಲಿ ಎಂದು ಬಿಟ್ಟಿದ್ದೇವೆ.

ದುಡಿದು ದಣಿದು ಪ್ರಭುವಿನಲ್ಲಿ ನಿದ್ರಿಸಿರುವ ನಮ್ಮ ಎಲ್ಲ ಹಿರಿಯರಿಗೆ ದೇವರು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ. ನಿಮ್ಮೆಲ್ಲರಿಗೂ ಆತನ ಆಶೀರ್ವಾದವಿರಲಿ.