ಪಿಯಾನೋದ ಸುತ್ತು, ಬೀಸುಕಲ್ಲಿನ ಸುತ್ತು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಕಡೆ ಭಜನೆಗೆ ಕೂತವರ ನಡುವೆ ಪೇಟಿ, ಅಂದರೆ ಹಾರ್ಮೋನಿಯಂ, ಇರುತ್ತದೆ. ತಿದಿಯಲ್ಲಿ ಗಾಳಿ ಇರುವತನಕ ಪೇಟಿಯ ಸ್ವರ ನಿಂತಿರುತ್ತದೆ. ಪಿಯಾನೋ ಹಾಗಲ್ಲ. ಅದರೊಳಗಿನ ಸುತ್ತಿಗೆ ತಂತಿಗೆ ಬಡಿಯುತ್ತದೆ. ಬಡಿದ ಕೂಡಲೇ ಸ್ವರ ಕರಗತೊಡಗುತ್ತದೆ. ಅದಕ್ಕೇ ನಿಧಾನದ ಹಾಡಿನಲ್ಲಿ ಪಿಯಾನೋ ನುಡಿಸುವವರು ಸ್ವರಗಳನ್ನು ಬಿಡಿಸಿ, ಒಂದರ ಹಿಂದೊಂದು ಸುತ್ತುಸುತ್ತಾಗಿ ನುಡಿಸುತ್ತಾರೆ.

2011ರಲ್ಲಿ ಜಗತ್ತೆಲ್ಲ ಕೇಳಿದ ‘ಸಮ್‌ವನ್ ಲೈಕ್ ಯೂ’ ಹಾಡನ್ನು ನೋಡೋಣ. ಹಾಡಿದವರು ಇಂಗ್ಲೆಂಡಿನ ಅಡೆಲ್. ಬಿಟ್ಟುಹೋದ ಪ್ರಿಯನಿಗೆ ಮದುವೆಯಾಯಿತೆಂದು ತಿಳಿದ ಹೆಣ್ಣಿನ ಹಾಡು ಅದು. ಡೋಲಿಲ್ಲ, ಪಿಟೀಲಿಲ್ಲ, ಒಂದು ಪಿಯಾನೋ, ಒಂದು ಕಂಠ. ಸ್ವರಗಳು ನಮ್ಮ ಬಿಲಾವಲ ಥಾಟಿನವೇ. ಶುರುವಿನಲ್ಲಿ ಎಡಗೈ ಸ, ನಿ, ಧ ಎಂದು ಇಳಿದು ಮ ಮುಟ್ಟಿ, ಮತ್ತೆ ಸ ಹಿಡಿಯುತ್ತದೆ. ಬಲಗೈ ಸಣ್ಣ ಸ್ವರಗಳನ್ನು ಬಿಡದೆ ಉರುಳಿಸುತ್ತದೆ. ಚರಣದಲ್ಲಿ ದನಿ ಮಾತಾಡಿದಂತೆ ಕೆಳಗಿರುತ್ತದೆ. ಪಲ್ಲವಿಗೆ ಬಂದಾಗ ಒಮ್ಮೆಲೆ ಮೇಲೇರುತ್ತದೆ. ಅಲ್ಲಲ್ಲಿ ನೆಲೆಯ ಸ್ವರಕ್ಕೆ ನೇರ ಬಾರದೆ ಪಕ್ಕದ ಸ್ವರ ತಾಗಿ ಇಳಿಯುತ್ತದೆ. ಕಣಸ್ವರ ಬಲ್ಲ ನಮಗೆ ಇದು ಹೊಸದಲ್ಲ. ದನಿ ಎಷ್ಟೇ ಒಡೆದರೂ ಪಿಯಾನೋದ ಸುತ್ತು ಕದಲುವುದಿಲ್ಲ. ಕೇಳುವವರ ಕರುಳು ಹಿಂಡುವುದು ಇದೇ: ಮೇಲೆ ನಡುಗುವ ದನಿ, ಕೆಳಗೆ ನಡುಗದ ಲಯ.

ಈಗ ನಮ್ಮ ಅಂಗಳಕ್ಕೆ ಬನ್ನಿ. ಹಳೆಯ ಇಂಡಿ ತಾಲ್ಲೂಕಿನ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಸಂಗಡಿಗರು, ಊರ ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ ಬರೆದುಕೊಂಡರು. 1931ರಲ್ಲಿ ಆ ಹಾಡುಗಳ ಸಂಗ್ರಹ ‘ಗರತಿಯ ಹಾಡು’ ಅಚ್ಚಾಯಿತು. ಮೂರು ಸಾಲಿನ ಆ ತ್ರಿಪದಿಗಳು ಪುಸ್ತಕಕ್ಕೆ ಬರುವ ಮೊದಲು ಬೀಸುಕಲ್ಲಿನ ಮುಂದೆ ಬಾಳಿದವು. ಅಲ್ಲಿ ಪಿಯಾನೋದ ಕೆಲಸ ಮಾಡಿದ್ದು ಕಲ್ಲು. ಗೂಟ ಹಿಡಿದ ಕೈ ತಿರುಗುತ್ತಲೇ ಇರುತ್ತದೆ, ಗರಗರ ನಾದ ನಿಲ್ಲುವುದಿಲ್ಲ. ಅದರ ಮೇಲೆ ತವರಿನ ನೆನಪು ಏರುತ್ತದೆ, ಇಳಿಯುತ್ತದೆ.

ತ್ರಿಪದಿಯ ಕಟ್ಟನ್ನೂ ಗಮನಿಸಿ. ಮೂರು ಸಾಲಿಗೆ 4, 4, 3ರಂತೆ 11 ಗಣ. 6ನೆಯದು ಮತ್ತು 10ನೆಯದು ಗಿಡ್ಡ ಗಣ, ಬ್ರಹ್ಮಗಣ. ಅಲ್ಲಿ ನಡಿಗೆ ಕೊಂಚ ತಡೆದು ಸಾಗುತ್ತದೆ. ಹಾಡುವಾಗ ಎರಡನೆಯ ಸಾಲಿನ ಭಾಗವೊಂದು ಮರಳಿ ಬಂದು ಮೂರು ಸಾಲು ನಾಲ್ಕಾಗುತ್ತವೆ. ಅಡೆಲ್ ಪಲ್ಲವಿಗೆ ಮರಳುವಂತೆ ನಮ್ಮ ಅವ್ವಂದಿರು ಆ ಮಾತಿಗೆ ಮರಳುತ್ತಿದ್ದರು. ನೋವನ್ನು ಒಮ್ಮೆ ಹೇಳಿದರೆ ತೀರುವುದಿಲ್ಲವಲ್ಲ.

‘ಗರತಿಯ ಹಾಡು’ ಓದುವಾಗ ನಮಗೆ ಸಿಗುವುದು ಮೇಲಿನ ದನಿಯ ಮಾತಷ್ಟೇ. ಕಲ್ಲಿನ ನಾದ ಅಚ್ಚಾಗಲಿಲ್ಲ. ನಿಮ್ಮ ಮನೆಯಲ್ಲಿ ಬೀಸುವ ಹಾಡು ಬಲ್ಲ ಹಿರಿಯರಿದ್ದರೆ ಹಿತ್ತಲಿನ ಕಲ್ಲನ್ನು ಒಳಗೆ ತನ್ನಿ. ಹಿಡಿ ಜೋಳ ಹಾಕಿ, ಗೂಟ ಅವರ ಕೈಗೆ ಕೊಟ್ಟು, ಆಮೇಲೆ ಹಾಡಲು ಕೇಳಿ.