ಐವತ್ತು ಸಾವಿರ ಜನರ ಒಂದು ನಡೆ

ಈ ಸಂಜೆಗೆ ನಾನು ಆರಿಸಿಕೊಂಡಿರುವುದು ಒಂದೇ ಒಂದು ಚದುರಂಗದ ಆಟ. 1999ರ ಜೂನ್ 21ರಂದು ಶುರುವಾಗಿ ಅಕ್ಟೋಬರ್ 22ಕ್ಕೆ ಮುಗಿದ ಆಟ. ಬಿಳಿ ಕಾಯಿಗಳು ಚೆಸ್ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಅವರವು. ಕಪ್ಪು ಕಾಯಿಗಳು ಉಳಿದ ಜಗತ್ತಿನವು. ಎಂದರೆ 75ಕ್ಕೂ ಹೆಚ್ಚು ದೇಶಗಳ 50,000ಕ್ಕೂ ಮಿಕ್ಕ ಜನರವು. ಮೈಕ್ರೋಸಾಫ್ಟ್ ಇಂಟರ್ನೆಟ್ಟಿನಲ್ಲಿ ಏರ್ಪಡಿಸಿದ್ದ ಈ ಪಂದ್ಯದ ನಿಯಮ ಸರಳವಾಗಿತ್ತು: ಕ್ಯಾಸ್ಪರೋವ್ ಒಂದು ನಡೆ ಆಡುತ್ತಾರೆ, ಜನ ಮತ ಹಾಕುತ್ತಾರೆ, ಹೆಚ್ಚು ಮತ ಬಿದ್ದ ನಡೆಯೇ ಜಗತ್ತಿನ ನಡೆ. ಆ ಜುಲೈನಲ್ಲಿ ಕ್ಯಾಸ್ಪರೋವ್ ಅವರ ರೇಟಿಂಗ್ 2851, ಅವರ ಬದುಕಿನಲ್ಲೇ ಅತಿ ಹೆಚ್ಚು. 62 ನಡೆಗಳ ನಂತರ ಅವರು ಗೆದ್ದರು. ಗೆದ್ದ ಮೇಲೆ ಹಲವರು ಸುಲಭವಾದ ತೀರ್ಪನ್ನೇ ಕೊಟ್ಟರು: ಸಾವಿರ ಜನರ ಸಾಧಾರಣ ಬುದ್ಧಿ ಸೇರಿದರೂ ಒಬ್ಬ ಪ್ರತಿಭಾವಂತನಿಗೆ ಸಮವಾಗದು. ಆ ತೀರ್ಪನ್ನು ನಾನು ಒಪ್ಪುವುದಿಲ್ಲ. ಆಟದ ನಡೆಗಳನ್ನೇ ಸಾಕ್ಷಿಗೆ ಕರೆದರೆ ಬೇರೆ ಸಂಗತಿ ಹೊರಬರುತ್ತದೆ. ಜನ ತಮ್ಮ ಕಾರಣಗಳನ್ನು ಒಬ್ಬರ ಮುಂದೊಬ್ಬರು ಇಟ್ಟು ತೂಗಿದಷ್ಟು ಕಾಲ ಜಗತ್ತು ಚಾಂಪಿಯನ್ನನಿಗೆ ಸರಿಸಾಟಿಯಾಗಿ ನಿಂತಿತು. ಕಾರಣಗಳ ಕೊಂಡಿ ಕಳಚಿ ಬರೀ ಎಣಿಕೆ ಉಳಿದಾಗ ಕುಸಿಯಿತು.

ಗುಂಪಿನ ಜಾಣ್ಮೆಯ ಮಾತು ಬಂದಾಗೆಲ್ಲ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಗಾಲ್ಟನ್ ಅವರ ಎತ್ತು ಬಂದೇ ಬರುತ್ತದೆ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನ ಒಂದು ಜಾನುವಾರು ಪ್ರದರ್ಶನದಲ್ಲಿ, ಎತ್ತನ್ನು ಕಡಿದು ಸಿದ್ಧಪಡಿಸಿದ ಮೇಲೆ ಎಷ್ಟು ತೂಗುತ್ತದೆಂದು ಊಹಿಸುವ ಸ್ಪರ್ಧೆ ನಡೆಯಿತು. 787 ಚೀಟಿಗಳನ್ನು ಗಾಲ್ಟನ್ ಪರಿಶೀಲಿಸಿದರು. ಊಹೆಗಳ ನಡುಬಿಂದು 1207 ಪೌಂಡ್, ನಿಜವಾದ ತೂಕ 1198. ಒಬ್ಬ ಹೆಚ್ಚು ಹೇಳಿದರೆ ಇನ್ನೊಬ್ಬ ಕಡಿಮೆ ಹೇಳಿದ. ತಪ್ಪುಗಳು ಒಂದನ್ನೊಂದು ಹೊಡೆದುಹಾಕಿದವು. ಈ ಕತೆಯನ್ನು ಚದುರಂಗಕ್ಕೆ ಹಾಗೇ ತಂದು ಅಂಟಿಸುವವರು ಒಂದನ್ನು ಮರೆಯುತ್ತಾರೆ. ತೂಕಗಳ ನಡುವೆ ಸರಾಸರಿ ಎಂಬುದಿದೆ, ನಡೆಗಳ ನಡುವೆ ಇಲ್ಲ. ಅರ್ಧ ಜನ ಕುದುರೆಯನ್ನೂ ಅರ್ಧ ಜನ ರಾಣಿಯನ್ನೂ ನಡೆಸಬೇಕೆಂದರೆ ಇವೆರಡರ ಮಧ್ಯೆ ಇನ್ನೊಂದು ಒಳ್ಳೆಯ ನಡೆ ಹುಟ್ಟುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಚದುರಂಗದಲ್ಲಿ ತಪ್ಪುಗಳು ಎರಡೂ ದಿಕ್ಕಿಗೆ ಚದುರಿರುವುದಿಲ್ಲ. ಕಣ್ಣಿಗೆ ಸಹಜವಾಗಿ ಕಾಣುವ ಕೆಟ್ಟ ನಡೆ ಎಲ್ಲರನ್ನೂ ಒಂದೇ ಕಡೆಗೆ ಎಳೆಯುತ್ತದೆ.

ಈ ವಿಷಯಕ್ಕೆ ಗಾಲ್ಟನ್‌ಗಿಂತ ಹೆಚ್ಚು ಹೊಂದುವ ಮಾತು ಫ್ರಾನ್ಸಿನ ಗಣಿತಜ್ಞ ಕೊಂಡೊರ್ಸೆ 1785ರಲ್ಲಿ ತೋರಿಸಿದ ಲೆಕ್ಕ. ಎರಡೇ ಆಯ್ಕೆಗಳಿವೆ, ಪ್ರತಿ ಮತದಾರನೂ ಸ್ವತಂತ್ರವಾಗಿ ಯೋಚಿಸಿ ಹತ್ತರಲ್ಲಿ ಆರು ಸಲ ಸರಿ ಹೇಳುತ್ತಾನೆ ಎಂದುಕೊಳ್ಳಿ. ಮೂವರ ಬಹುಮತ ನೂರಕ್ಕೆ ಸುಮಾರು 65 ಸಲ ಸರಿಯಾಗಿರುತ್ತದೆ. 101 ಜನರ ಬಹುಮತ ಸುಮಾರು 98 ಸಲ. ಪ್ರಜಾಪ್ರಭುತ್ವದ ಭಾಷಣಗಳಲ್ಲಿ ಈ ಅರ್ಧವನ್ನು ಮಾತ್ರ ಹೇಳಿ ಚಪ್ಪಾಳೆ ಗಿಟ್ಟಿಸುವುದುಂಟು. ಉಳಿದರ್ಧ ಅಷ್ಟು ಹಿತವಾಗಿಲ್ಲ. ಅದೇ ಮತದಾರ ಹತ್ತರಲ್ಲಿ ನಾಲ್ಕು ಸಲ ಮಾತ್ರ ಸರಿ ಹೇಳುವವನಾದರೆ 101 ಜನರ ಬಹುಮತ ಸರಿಯಾಗುವುದು ನೂರಕ್ಕೆ ಎರಡು ಸಲ. ಸಂಖ್ಯೆ ಜಾಣ್ಮೆಯನ್ನು ಹುಟ್ಟಿಸುವುದಿಲ್ಲ, ಇದ್ದುದನ್ನು ದೊಡ್ಡದು ಮಾಡುತ್ತದೆ. ಅಜ್ಞಾನವನ್ನೂ ಅಷ್ಟೇ ನಿಷ್ಠೆಯಿಂದ ದೊಡ್ಡದು ಮಾಡುತ್ತದೆ. ಚದುರಂಗದ ನಿರ್ಣಾಯಕ ಘಟ್ಟಗಳಾದರೋ ಸಾಮಾನ್ಯ ಆಟಗಾರನ ಮೊದಲ ಊಹೆ ತಪ್ಪಾಗುವ ಘಟ್ಟಗಳೇ. ಅಲ್ಲಿ ಸರಿಯುತ್ತರ ಸುಲಭವಾಗಿದ್ದರೆ ಅವು ನಿರ್ಣಾಯಕವೇ ಆಗುತ್ತಿರಲಿಲ್ಲ. 1996ರಲ್ಲಿ ಅನಾತೊಲಿ ಕಾರ್ಪೋವ್ ಇಂಟರ್ನೆಟ್ ಜನರೊಡನೆ ಆಡಿದ ಪಂದ್ಯದಲ್ಲಿ ಒಂದೊಂದು ನಡೆಗೆ ಇದ್ದದ್ದು ಕೆಲವೇ ನಿಮಿಷ. ಕೂಡಿ ಯೋಚಿಸಲು ಆಸ್ಪದವಿರಲಿಲ್ಲ. 32 ನಡೆಗಳಲ್ಲಿ ಜನ ಸೋತರು.

1999ರಲ್ಲಿ ಹಾಗಾಗಲಿಲ್ಲ. ಒಂದು ನಡೆಗೆ ಗಂಟೆಗಟ್ಟಲೆ ಸಮಯವಿತ್ತು. ಜನರಿಗೆ ಸಲಹೆ ಕೊಡಲು ನಾಲ್ವರು ಎಳೆಯ ಆಟಗಾರರನ್ನು ನೇಮಿಸಿದ್ದರು: ಫ್ರಾನ್ಸಿನ ಎತಿಯೆನ್ ಬಾಕ್ರೊ, ಜರ್ಮನಿಯ ಎಲಿಸಬೆತ್ ಪೇಟ್ಸ್, ಅಮೆರಿಕದ ಫ್ಲೋರಿನ್ ಫೆಲೆಕಾನ್ ಮತ್ತು ಐರಿನಾ ಕ್ರುಶ್. ಕ್ರುಶ್‌ಗೆ ಆಗ ಹದಿನೈದು ವರ್ಷ. ಹತ್ತನೆಯ ನಡೆಯಲ್ಲಿ ಆಕೆ ಕಪ್ಪು ರಾಣಿಯನ್ನು ಇ6 ಮನೆಗೆ ತರಲು ಹೇಳಿದಳು. ಪುಸ್ತಕಗಳಲ್ಲಿ ಇಲ್ಲದ ನಡೆ ಅದು. ಬಿಳಿಯ ಎರಡು ಕಾಲಾಳುಗಳ ಮೇಲೆ ಒಟ್ಟಿಗೇ ಕಣ್ಣಿಡುತ್ತದೆ, ಆದರೆ ತನ್ನ ಆನೆಯನ್ನು ಕುದುರೆಯ ಬಾಯಿಗೆ ಕೊಡುತ್ತದೆ. ಜನ ಅದಕ್ಕೆ ಮತ ಹಾಕಿದರು. ಕ್ಯಾಸ್ಪರೋವ್ ಆನೆಯನ್ನು ಹೊಡೆದರು, ಹೊಡೆದ ಕುದುರೆಯನ್ನು ಕಳೆದುಕೊಂಡರು, ಜೊತೆಗೆ ಎರಡು ಕಾಲಾಳುಗಳೂ ಹೋದವು. ಯಾವ ಪಕ್ಷ ಮುಂದಿದೆ ಎಂದು ಯಾರೂ ಖಚಿತವಾಗಿ ಹೇಳಲಾಗದ, ತಕ್ಕಡಿ ತೂಗಾಡುವ ಸ್ಥಿತಿ. ಜಗತ್ತಿನ ಶ್ರೇಷ್ಠ ಆಟಗಾರನನ್ನು ಅವನ ಸಿದ್ಧತೆಯ ಆಚೆಗೆ ಎಳೆದು ತಂದದ್ದು ಗುಂಪು. ಬೇರಾವ ಆಟಕ್ಕೂ ಇಷ್ಟು ಶ್ರಮ ಪಟ್ಟಿಲ್ಲವೆಂದು ಮುಂದೆ ಕ್ಯಾಸ್ಪರೋವ್ ಅವರೇ ಒಪ್ಪಿಕೊಂಡರು. ಜನರ ಬಹಿರಂಗ ಚರ್ಚೆಯನ್ನು ತಾವು ಓದುತ್ತಿದ್ದುದನ್ನೂ ಒಪ್ಪಿಕೊಂಡರು. ಗುಂಪಿನ ವಿಚಾರಕ್ಕೆ ಬೆಲೆ ಇರದಿದ್ದರೆ ಚಾಂಪಿಯನ್ ಅದನ್ನು ಓದುವ ಗೋಜಿಗೆ ಹೋಗುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಬಲವಾದ ಆಕ್ಷೇಪವೇ. ಹತ್ತನೆಯ ನಡೆಯಿಂದ ಐವತ್ತನೆಯದರವರೆಗೂ ಗೆದ್ದದ್ದು ಕ್ರುಶ್ ಸೂಚಿಸಿದ ನಡೆಗಳೇ. ಹಾಗಿದ್ದರೆ ಇದು ಕ್ಯಾಸ್ಪರೋವ್ ಮತ್ತು ಒಬ್ಬ ಹುಡುಗಿಯ ನಡುವಿನ ಆಟವಲ್ಲವೇ? ಐವತ್ತು ಸಾವಿರ ಜನ ಆಕೆಯ ಹಿಂದೆ ತಲೆಯಾಡಿಸಿದರು ಅಷ್ಟೇ ಅಲ್ಲವೇ? ಇದಕ್ಕೆ ಉತ್ತರ ಆಕೆಯ ಬಲದಲ್ಲೇ ಇದೆ. ಪ್ರತಿಭಾವಂತೆ ನಿಜ, ಆದರೆ ಅಂದಿನ ಕ್ರುಶ್ ಒಂಟಿಯಾಗಿ 2851 ರೇಟಿಂಗಿನ ಆಟಗಾರನ ಎದುರು ನಲವತ್ತು ನಡೆ ಸಮವಾಗಿ ನಿಲ್ಲುತ್ತಿದ್ದಳೆಂದು ಚೆಸ್ ಬಲ್ಲವರು ಯಾರೂ ಹೇಳಲಾರರು. ಆಕೆಯ ಸಲಹೆಯ ಹಿಂದೆ ದೊಡ್ಡ ಜಾಲವೇ ಇತ್ತು. ಆ ವರ್ಷವೇ ಫಿಡೆ (ವಿಶ್ವ ಚೆಸ್ ಒಕ್ಕೂಟ) ವಿಶ್ವ ಚಾಂಪಿಯನ್ ಆದ ಅಲೆಕ್ಸಾಂಡರ್ ಖಲಿಫ್‌ಮನ್ ಅವರ ಸೇಂಟ್ ಪೀಟರ್ಸ್‌ಬರ್ಗ್ ಶಾಲೆಯವರು ವಿಶ್ಲೇಷಣೆ ಕೊಡುತ್ತಿದ್ದರು; ಊರುಪೇರು ಗೊತ್ತಿಲ್ಲದ ನೂರಾರು ಹವ್ಯಾಸಿಗಳು ಒಂದೊಂದು ಕವಲನ್ನು ಹಿಡಿದು ಹೋಗಿ, ಅಲ್ಲಿ ದಾರಿ ಮುಚ್ಚಿದೆ, ಇಲ್ಲಿ ಸಂದು ಇದೆ ಎಂದು ಬಂದು ಹೇಳುತ್ತಿದ್ದರು. ಕ್ರುಶ್ ಅದನ್ನೆಲ್ಲ ಜರಡಿ ಹಿಡಿದು ಕಾರಣಗಳ ಸಮೇತ ಮುಂದಿಡುತ್ತಿದ್ದಳು. ತೇರು ಎಳೆಯುವಾಗ ಹಗ್ಗಕ್ಕೆ ಸಾವಿರ ಕೈ ಬೇಕು. ಗಾಲಿಗೆ ಮರದ ತುಂಡು ಕೊಟ್ಟು ದಿಕ್ಕು ತಿರುಗಿಸಲು ಕೆಲವೇ ಪಳಗಿದವರು ಸಾಕು. ಹಾಗೆಂದು ತೇರನ್ನು ಆ ಕೆಲವರೇ ಎಳೆದರೆನ್ನಲಾದೀತೇ?

ಈಗ ಕುಸಿತದ ಕಡೆ ನೋಡೋಣ. ಕಾಯಿಗಳು ಬಹುಪಾಲು ಖಾಲಿಯಾಗಿ ರಾಣಿಗಳೂ ಕಾಲಾಳುಗಳೂ ಉಳಿದ ಅಂತಿಮ ಘಟ್ಟ. 51ನೆಯ ನಡೆಯಲ್ಲಿ ಕ್ರುಶ್ ರಾಜನನ್ನು ಎ1 ಮನೆಗೆ ಸರಿಸಲು ಹೇಳಿದ್ದಳು. ಮತಪೆಟ್ಟಿಗೆಯಿಂದ ಹೊರಬಂದದ್ದು ಕಾಲಾಳಿನ ನಡೆ, ಬಿ5. ಒಬ್ಬನೇ ಹಲವು ಮತ ಹಾಕಬಹುದಿತ್ತೆಂಬ ಮಾತು ಆಗಲೇ ಎದ್ದಿತು, ಹಾಗೆ ಹಾಕಿದೆನೆಂದು ಒಬ್ಬರು ಹೇಳಿಕೊಂಡದ್ದೂ ಉಂಟು. ಆಟ ನಿಖರವಾಗಿ ಎಲ್ಲಿ ಕೈತಪ್ಪಿತೆಂದು ವಿಶ್ಲೇಷಕರು ವರ್ಷಗಟ್ಟಲೆ ವಾದಿಸಿದ್ದಾರೆ. ನನ್ನ ವಾದಕ್ಕೆ ಆ ನಿಖರತೆ ಬೇಕಿಲ್ಲ. 58ನೆಯ ನಡೆಯಲ್ಲಿ ನಡೆದದ್ದು ಹೆಚ್ಚು ಬೋಧಪ್ರದ. ಇಮೇಲ್ ತಡವಾಗಿ ಕ್ರುಶ್‌ಳ ವಿಶ್ಲೇಷಣೆ ಮತದಾನದ ಹೊತ್ತಿಗೆ ಜನರ ಮುಂದೆ ಬರಲೇ ಇಲ್ಲ. ಕಾರಣಗಳಿಲ್ಲದೆ ಮತ ಹಾಕಿದ ಜನ ರಾಣಿಯನ್ನು ಇ4ಕ್ಕೆ ಇಟ್ಟರು. ಆಮೇಲೆ ಉಳಿದದ್ದು ಸೋಲೊಂದೇ. ಅದೇ ಐವತ್ತು ಸಾವಿರ ಜನ, ಅದೇ ನಿಯಮ, ಅದೇ ಎದುರಾಳಿ. ಬದಲಾದದ್ದು ಒಂದೇ: ವಿಶ್ಲೇಷಣೆ ಬರಲಿಲ್ಲ. ಮುಂದಿನ ನಡೆಯಲ್ಲಿ ಸಿಟ್ಟಿಗೆದ್ದವರು ರಾಣಿಯನ್ನು ಬೇಕೆಂದೇ ಬಲಿಕೊಡುವ ನಡೆಗೆ ಶೇ. 66ರಷ್ಟು ಮತ ಬೀಳಿಸಿದರು. ಸಂಘಟಕರು ಅದು ಕಳ್ಳಮತವೆಂದು ರದ್ದು ಮಾಡಿದರು. ಕಳ್ಳಮತವನ್ನು 59ನೆಯ ನಡೆಯಲ್ಲಿ ಕಂಡು 51ನೆಯದರಲ್ಲಿ ಕಾಣದೆ ಹೋದದ್ದು ಹೇಗೆಂದು ಕೇಳಿದವರ ಬಾಯಿ ಮುಚ್ಚಿಸುವುದು ಸುಲಭವಾಗಿರಲಿಲ್ಲ.

ಕಳ್ಳಮತವಿಲ್ಲದಿದ್ದರೂ ಈ ಬಗೆಯ ಮತದಾನದಲ್ಲಿ ಒಂದು ಹುಟ್ಟುದೋಷವಿದೆ. ಒಂದೇ ಯೋಜನೆಗೆ ಸೇರಿದ ಎರಡು ಒಳ್ಳೆಯ ನಡೆಗಳಿದ್ದರೆ ಅವುಗಳ ಬೆಂಬಲಿಗರು ಹಂಚಿಹೋಗುತ್ತಾರೆ. ನೂರರಲ್ಲಿ ಮೂವತ್ತೈದು ಪಾಲು ಮತ ಪಡೆದ ಮೂರನೆಯ ನಡೆ ಗೆದ್ದುಬಿಡುತ್ತದೆ. ನಮ್ಮ ಚುನಾವಣೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದರ ಮೇಲೆ, ನಿನ್ನೆಯ ಬಹುಮತ ದಾಳಿಗೆ ಹೊರಟಿತ್ತು, ಇಂದಿನ ಬಹುಮತ ರಕ್ಷಣೆಗೆ ಹಿಂದಿರುಗಿತು ಎಂದಾದರೆ, ಎರಡೂ ದಿನ ಪ್ರತಿಯೊಬ್ಬನೂ ತನ್ನ ಮಟ್ಟಿಗೆ ಸುಸಂಗತವಾಗಿಯೇ ಮತ ಹಾಕಿದ್ದರೂ ಗುಂಪು ಹುಚ್ಚನಂತೆ ಆಡಿರುತ್ತದೆ. ಯೋಜನೆಗೆ ನೆನಪು ಬೇಕು. ಮತಪೆಟ್ಟಿಗೆಗೆ ಅದಿಲ್ಲ, ಚರ್ಚೆಯಲ್ಲಿ ಮಾತ್ರ ಅದು ಉಳಿಯಬಲ್ಲದು.

ಇತ್ತೀಚಿನ ಆಟಗಳು ನನ್ನ ಮಾತನ್ನು ಸುಳ್ಳು ಮಾಡುವುದಿಲ್ಲವೇ ಎಂದು ಕೇಳಬಹುದು. 2024ರಲ್ಲಿ ವಿಶ್ವನಾಥನ್ ಆನಂದ್ ಚೆಸ್.ಕಾಮ್‌ನಲ್ಲಿ ಸುಮಾರು 70,000 ಜನರ ಎದುರು ಆಡಿ ಗೆದ್ದರು. ಆದರೆ 2025ರ ಏಪ್ರಿಲ್ 4ರಂದು ಅಲ್ಲೇ ಶುರುವಾದ ಪಂದ್ಯದಲ್ಲಿ 1,43,000ಕ್ಕೂ ಹೆಚ್ಚು ಜನ ಮ್ಯಾಗ್ನಸ್ ಕಾರ್ಲ್‌ಸನ್ ಅವರನ್ನು ಡ್ರಾಗೆ ತಂದು ನಿಲ್ಲಿಸಿದರು. ಹಿಂದಿನ ಸಾಲಿನ ಕಾಯಿಗಳನ್ನು ಅದಲುಬದಲು ಮಾಡಿ ಆಡುವ ಫ್ರೀಸ್ಟೈಲ್ ಬಗೆಯದು ಅದು, ಬಾಯಿಪಾಠದ ಆರಂಭಗಳಿಗೆ ಜಾಗವಿಲ್ಲ. ಒಂದು ನಡೆಗೆ ಒಂದು ದಿನ. ಮೇ 19ರಂದು ಜನ ಕಾರ್ಲ್‌ಸನ್‌ರ ರಾಜನಿಗೆ ಮತ್ತೆ ಮತ್ತೆ ಚೆಕ್ ಕೊಟ್ಟು ಮೂರನೆಯ ಪುನರಾವರ್ತನೆಯಲ್ಲಿ ಡ್ರಾ ಪಡೆದರು. ಇದು ದೊಡ್ಡ ಸಾಧನೆ, ಅಲ್ಲಗಳೆಯುವುದಿಲ್ಲ. ಆದರೆ ಕಾರ್ಲ್‌ಸನ್ ಆಮೇಲೆ ಹೇಳಿದ್ದನ್ನು ಗಮನಿಸಿ: ಜನ ಮೊದಲಿನಿಂದಲೂ ಗಟ್ಟಿಯಾಗಿ ಆಡಿದರು, ಸಾಹಸದ ದಾರಿಗಳಿಗೆ ಹೋಗಲಿಲ್ಲ. ಮುರಿಯದಂತೆ ನಿಲ್ಲುವ ನಡೆ ಬಹಳಷ್ಟು ಸಲ ಸಾಮಾನ್ಯ ಆಟಗಾರನ ಊಹೆಗೂ ನಿಲುಕುತ್ತದೆ. ಅಲ್ಲಿ ಕೊಂಡೊರ್ಸೆಯ ಲೆಕ್ಕದ ಹಿತವಾದ ಅರ್ಧ ಕೆಲಸ ಮಾಡುತ್ತದೆ. ಹತ್ತನೆಯ ನಡೆಯ ರಾಣಿಯಂಥದು ಆ ದಾರಿಯಲ್ಲಿ ಬರುವುದಿಲ್ಲ. ಡ್ರಾ ಮಾಡಲು ಬಹುಮತ ಸಾಕಾಗಬಹುದು. ಹೊಸದನ್ನು ಕಾಣಲು ಯಾರಾದರೂ ಒಬ್ಬರು ಮೊದಲು ಕಾಣಬೇಕು, ಉಳಿದವರು ಅದನ್ನು ಪರೀಕ್ಷಿಸಿ ನೋಡಲು ಸಿದ್ಧರಿರಬೇಕು. ಕಂಪ್ಯೂಟರ್ ಇರುವಾಗ ಇದೆಲ್ಲ ಏಕೆ ಎನ್ನುವವರಿಗೆ ನಾನು ಹೆಚ್ಚೇನೂ ಹೇಳುವುದಿಲ್ಲ. ಚದುರಂಗಕ್ಕೆ ಉತ್ತರ ಕೊಡುವ ಯಂತ್ರ ಬಂದಿದೆ. ಊರಿನ ಕೆರೆಯ ಹೂಳು ಮೊದಲೋ ರಸ್ತೆ ಮೊದಲೋ ಎಂಬುದಕ್ಕೆ ಬಂದಿಲ್ಲ.

1999ರ ಆಟದ ಕೊನೆಯ ಮತದಾನವನ್ನು ನೋಡದೆ ಇದನ್ನು ಬಿಡಲಾಗದು. ಕ್ಯಾಸ್ಪರೋವ್ ಕಂಪ್ಯೂಟರ್ ನೆರವಿನಿಂದ, ಇನ್ನು 28 ನಡೆಗಳಲ್ಲಿ ಚೆಕ್‌ಮೇಟ್ ಖಚಿತವೆಂದು ತೋರಿಸಿದ್ದರು. ಆದರೂ ಸೋಲೊಪ್ಪಲು ಮತ ಹಾಕಿದವರು ಶೇ. 51 ಮಾತ್ರ. ಉಳಿದವರಿಗೆ ಆಟ ಅರ್ಥವಾಗಿರಲಿಲ್ಲವೆಂದು ನಾನು ನಂಬುವುದಿಲ್ಲ. ನಾಲ್ಕು ತಿಂಗಳು ಬಿಡದೆ ಹಿಂಬಾಲಿಸಿದ ಆಟ ನಿಲ್ಲುವುದು ಅವರಲ್ಲಿ ಹಲವರಿಗೆ ಬೇಡವಾಗಿದ್ದಿರಬೇಕು. ಕಳ್ಳಮತದ ಮೇಲಿನ ಸಿಟ್ಟು ಇನ್ನು ಕೆಲವರಲ್ಲಿ ಆರಿರಲಿಕ್ಕಿಲ್ಲ. ಎಣಿಸುವವನ ಕೈಗೆ ಬಂದ ಮತದಲ್ಲಿ ತಿಳಿವಳಿಕೆ ಎಷ್ಟು, ಆಸೆ ಎಷ್ಟು, ಪ್ರತಿಭಟನೆ ಎಷ್ಟು ಎಂದು ಬೇರೆ ಮಾಡುವ ಉಪಾಯ ಸಂಘಟಕರಿಗೆ ಇರಲಿಲ್ಲ. ತಮ್ಮ ಮತಕ್ಕೆ ಕಾರಣವೇನೆಂದು ಅವರು ಜನರನ್ನು ಕೇಳಿರಲೂ ಇಲ್ಲ.