ನಗುವಿನ ಮರೆಯಲ್ಲಿ ಯುದ್ಧ
(ಶಿವಪುರದಲ್ಲಿ ಮಾಡಿದ ಭಾಷಣದ ಬರಹರೂಪ)



1938ರ ಏಪ್ರಿಲ್‌ನಲ್ಲಿ ಇದೇ ಶಿವಪುರದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಬಾರದೆಂದು ಮೈಸೂರು ಸರಕಾರ ನಿಷೇಧಾಜ್ಞೆ ಹೊರಡಿಸಿತ್ತು. ಟಿ. ಸಿದ್ದಲಿಂಗಯ್ಯನವರ ನೇತೃತ್ವದಲ್ಲಿ ಜನರು ಅದನ್ನು ಮುರಿದರು. ಒಂದು ತುಂಡು ಬಟ್ಟೆಗೆ ಆಳುವವರು ಅಂಜಿದ ಊರಿನಲ್ಲಿ ಚಿತ್ರದ ಬಲವನ್ನು ನಾವು ಹೆಚ್ಚು ವಿವರಿಸಬೇಕಾಗಿಲ್ಲ.

ಮರುವರ್ಷವೇ ಮಹಾಯುದ್ಧ ಆರಂಭವಾಯಿತು. ಆ ಯುದ್ಧದ ನಡುವೆ, 1942ರಲ್ಲಿ, ರಾಶಿಯವರ ‘ಕೊರವಂಜಿ’ ಹುಟ್ಟಿತು. ಅದಕ್ಕೆ ವ್ಯಂಗ್ಯಚಿತ್ರ ಬರೆದ ಮೈಸೂರಿನ ಆರ್.ಕೆ. ಲಕ್ಷ್ಮಣ್, ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ‘ನಾರದ’ ಎಂಬ ಚಲಿಸುವ ಕಾರ್ಟೂನಿಗೂ ದುಡಿದವರು. ಅತ್ತ ಅಮೆರಿಕದಲ್ಲಾದರೋ ಕಾರ್ಟೂನು ಸೇನೆಗೇ ಸೇರಿಬಿಟ್ಟಿತ್ತು.

1943ರ ಜನವರಿಯಲ್ಲಿ ಡಿಸ್ನಿಯವರ ‘ಡೆರ್ ಫ್ಯೂರರ್ಸ್ ಫೇಸ್’ ತೆರೆ ಕಂಡಿತು. ಡೊನಾಲ್ಡ್ ಡಕ್ ನಾಝಿ ಕಾರ್ಖಾನೆಯ ಕೂಲಿಯಾಳು. ಒಂದೇ ಒಂದು ಕಾಫಿಬೀಜವನ್ನು ದಾರಕ್ಕೆ ಕಟ್ಟಿ ನೀರಿನಲ್ಲಿ ಅದ್ದಿ ಕುಡಿಯುತ್ತಾನೆ, ರೊಟ್ಟಿಯನ್ನು ಗರಗಸದಿಂದ ಕೊಯ್ಯುತ್ತಾನೆ. ಸಾಲಾಗಿ ಬರುವ ಗುಂಡುಗಳ ನಡುವೆ ಹಿಟ್ಲರನ ಚಿತ್ರ ಬಂದಾಗಲೆಲ್ಲ ಸೆಲ್ಯೂಟ್ ಹೊಡೆಯಬೇಕು. ನಗು ಬರುತ್ತದೆ, ಬರಲೇಬೇಕು. ಇಲ್ಲಿ ಮುಖ್ಯವಾಗಿ ಗೇಲಿಗೆ ಗುರಿಯಾದದ್ದು ಒಂದು ಕ್ರೂರ ಆಡಳಿತ. ಈ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿಯೂ ಸಂದಿತು.

ಆದರೆ 1944ರಲ್ಲಿ ಬಗ್ಸ್ ಬನ್ನಿಯೆಂಬ ಮೊಲ ಜಪಾನೀ ಸೈನಿಕರಿಗೆ ಐಸ್‌ಕ್ರೀಮಿನೊಳಗೆ ಗ್ರೆನೇಡ್ ಇಟ್ಟು ಹಂಚಿತು. ಹಂಚುವಾಗ ಅವರ ಕಣ್ಣು, ಕಾಲುಗಳನ್ನು ಹಳಿಯಿತು. ಇಲ್ಲಿ ಅಪರಾಧಿ ಸರಕಾರವಲ್ಲ, ಮುಖವೇ ಅಪರಾಧ! ಟೋಪಿ ಮತ್ತು ಗಡ್ಡವನ್ನಷ್ಟೇ ಬರೆದು ಭಯೋತ್ಪಾದಕನೆಂದು ತೋರಿಸುವ ವ್ಯಂಗ್ಯಚಿತ್ರಗಳನ್ನು ಕಂಡಿರುವ ನಮಗೆ ಈ ವ್ಯತ್ಯಾಸ ಅಪರಿಚಿತವೇನಲ್ಲ.

ಜಪಾನೂ ಹಿಂದೆ ಬೀಳಲಿಲ್ಲ. 1945ರಲ್ಲಿ ಅದರ ನೌಕಾಪಡೆ ಮಾಡಿಸಿದ ‘ಮೊಮೊತಾರೊ’ ಚಿತ್ರದಲ್ಲಿ ದಕ್ಷಿಣ ದ್ವೀಪದ ಮುದ್ದು ಪ್ರಾಣಿಗಳು ಹಾಡುತ್ತಾ ಜಪಾನೀ ಅಕ್ಷರ ಕಲಿಯುತ್ತವೆ. ಏಷ್ಯಾದ ವಿಮೋಚನೆಯೆಂದರೆ ಇದೇ ಎಂದು ಮಕ್ಕಳಿಗೆ ತಿಳಿಸಲಾಯಿತು. ದ್ವೀಪವಾಸಿಗಳು ಏಕೆ ಪ್ರಾಣಿಗಳಾಗಬೇಕಿತ್ತು?

ಥಿಯೋಡರ್ ಗೀಸೆಲ್, ಅಂದರೆ ಮಕ್ಕಳ ಪ್ರೀತಿಯ ಡಾ. ಸ್ಯೂಸ್, ಸೈನಿಕರಿಗಾಗಿ ‘ಪ್ರೈವೇಟ್ ಸ್ನಾಫು’ ಕಾರ್ಟೂನುಗಳನ್ನು ಬರೆದವರು. ಅದಕ್ಕೆ ಮೊದಲು, 1942ರ ಫೆಬ್ರವರಿ 13ರಂದು, ಅಮೆರಿಕದ ಜಪಾನೀ ಮೂಲದವರು ಸಾಲುಗಟ್ಟಿ ಸ್ಫೋಟಕ ಪಡೆಯುತ್ತಿರುವಂತೆ ಅವರು ಪತ್ರಿಕೆಯೊಂದರಲ್ಲಿ ಚಿತ್ರಿಸಿದ್ದರು. ಆರು ದಿನಗಳ ಬಳಿಕ ಅಧ್ಯಕ್ಷ ರೂಸ್‌ವೆಲ್ಟ್ ಆಜ್ಞೆಗೆ ಸಹಿ ಹಾಕಿದರು. ಚಿತ್ರದಿಂದಲೇ ಆಜ್ಞೆ ಬಂತೆಂದು ನಾವು ಹೇಳುತ್ತಿಲ್ಲ. ಆದರೆ ಅದನ್ನು ಸಹಜವೆಂದು ಒಪ್ಪುವ ಮನಸ್ಸು ಅಷ್ಟರಲ್ಲಿ ಸಿದ್ಧವಾಗಿತ್ತು. ಸುಮಾರು 1,20,000 ಮಂದಿಯನ್ನು ಮುಳ್ಳುತಂತಿಯ ಶಿಬಿರಗಳಿಗೆ ತಳ್ಳಲಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪೌರರೇ ಆಗಿದ್ದರು.

1988ರಲ್ಲಿ ಆ ದೇಶ ಕ್ಷಮೆ ಯಾಚಿಸಿ, ಬದುಕುಳಿದವರಿಗೆ ತಲಾ 20,000 ಡಾಲರ್ ಪರಿಹಾರ ಘೋಷಿಸಿತು. ಆ ವೇಳೆಗೆ ಶಿಬಿರ ಕಂಡ ಅನೇಕರು ತೀರಿಕೊಂಡಿದ್ದರು.